ಮರದಿಂದ ಬಿದ್ದವನ ಮುಂದಿನ ಮೂವತ್ತು ವರ್ಷ



ಕೊಳೆಗೆ ಮದ್ದು ಹೊಡೆಯುವಾಗಲೋ, ಕೊನೆ ತೆಗೆಯುವಾಗಲೋ, ಮರಗಸಿ ಮಾಡುವಾಗಲೋ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರನ್ನು ನಾವೆಲ್ಲ ಕಂಡಿದ್ದೇವೆ. ಆಸ್ಪತ್ರೆಯ ಬಿಲ್ಲಿಗೆ ಹೇಗೋ ಹಣ ಕೂಡುತ್ತದೆ. ತೋಟದವರು ಕೊಡುತ್ತಾರೆ, ಊರವರು ಸೇರಿಸುತ್ತಾರೆ. ಆದರೆ ಸೊಂಟದ ಕೆಳಗೆ ಸ್ವಾಧೀನ ತಪ್ಪಿದವನಿಗೆ ನಿಜವಾದ ಖರ್ಚು ಶುರುವಾಗುವುದೇ ಮನೆಗೆ ಬಂದ ಮೇಲೆ. ಮೂತ್ರದ ನಳಿಗೆ, ಹಾಸಿಗೆ ಹುಣ್ಣಿನ ಮದ್ದು, ಗಾಲಿಕುರ್ಚಿ, ಅದು ಹಾಯುವಂತೆ ಬಾಗಿಲು ಬಚ್ಚಲು ಸರಿಪಡಿಸುವುದು, ಹಗಲೂ ರಾತ್ರಿ ಒಬ್ಬರು ಜೊತೆಗಿರುವುದು. ಆ ಒಬ್ಬರು ಸಾಮಾನ್ಯವಾಗಿ ಹೆಂಡತಿ. ಅವಳ ಕೂಲಿಯೂ ಅಲ್ಲಿಗೆ ನಿಂತಿತೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈ ಖರ್ಚನ್ನು ಹೊರುವವರು ಯಾರು? ಕೃಷಿ ಪ್ರಧಾನವಾದ ನ್ಯೂಜಿಲೆಂಡ್ ಇದಕ್ಕೆ ಕಂಡುಕೊಂಡ ದಾರಿಯನ್ನು ಇಲ್ಲಿ ವಿವರಿಸುತ್ತೇವೆ. ಹಿಂದೆ ಅಲ್ಲಿಯೂ ದೊಡ್ಡ ಪರಿಹಾರ ಬೇಕಿದ್ದರೆ ತಪ್ಪು ಮತ್ತೊಬ್ಬರದೆಂದು ಕೋರ್ಟಿನಲ್ಲಿ ರುಜುವಾತು ಮಾಡಬೇಕಿತ್ತು. ಸಾಕ್ಷಿ ಸಿಕ್ಕವನಿಗೆ ಗಂಟು, ಸಿಗದವನಿಗೆ ಬರಿಗೈ. ನ್ಯಾಯಾಧೀಶ ಓವೆನ್ ವುಡ್‌ಹೌಸ್ ಅವರ ಆಯೋಗ 1967ರಲ್ಲಿ ಈ ಲಾಟರಿ ಸಾಕು, ಹೊರೆಯನ್ನು ಇಡೀ ಸಮಾಜ ಹೊರಲಿ ಎಂದಿತು. 1972ರಲ್ಲಿ ಕಾಯಿದೆಯಾಗಿ, 1974ರ ಏಪ್ರಿಲ್ 1ರಂದು ಜಾರಿಗೆ ಬಂತು. ಸಂಪಾದನೆ ಇಲ್ಲದ ಗೃಹಿಣಿಯರೂ ಮಕ್ಕಳೂ ಅದರೊಳಗೆ ಸೇರಿದರು.

ತಪ್ಪು ಯಾರದೆಂಬ ಪ್ರಶ್ನೆಯೇ ಅಲ್ಲಿಲ್ಲ. ಗಾಯದ ನಷ್ಟಕ್ಕಾಗಿ ದಾವೆ ಹೂಡುವ ಹಕ್ಕನ್ನು ಜನ ಬಿಟ್ಟುಕೊಟ್ಟರು. ಬದಲಿಗೆ ಚಿಕಿತ್ಸೆ, ದುಡಿಮೆಯ ಶೇಕಡ 80ರಷ್ಟು ವಾರದ ಹಣ, ಸಲಕರಣೆ, ಮನೆಯ ಮಾರ್ಪಾಟು, ಆರೈಕೆಯ ಸಂಬಳ ದೊರೆಯುತ್ತವೆ. ಆರೈಕೆ ಮಾಡುವವರು ಮನೆಯವರೇ ಆಗಿದ್ದರೂ ಸಂಬಳ ಉಂಟು.

ಹಣ ಬರುವುದು ವಂತಿಗೆಯಿಂದ. ಉದ್ಯೋಗದಾತರು ಕೆಲಸದ ಅಪಾಯ ನೋಡಿ ಕಟ್ಟುತ್ತಾರೆ. ಮರ ಕಡಿಯುವ ಕೆಲಸಕ್ಕೆ ಕಚೇರಿ ಕೆಲಸಕ್ಕಿಂತ ಹೆಚ್ಚು. ಸಂಬಳದಲ್ಲಿ, ಪೆಟ್ರೋಲಿನಲ್ಲಿ, ವಾಹನದ ಲೈಸೆನ್ಸಿನಲ್ಲಿ ಒಂದೊಂದು ಪಾಲು ಹಿಡಿಯುತ್ತಾರೆ. ಸಂಪಾದನೆ ಇಲ್ಲದವರ ಪಾಲು ಸರ್ಕಾರದ್ದು. ಒಂದು ಕಾಲಕ್ಕೆ ಆ ವರ್ಷದ ವಂತಿಗೆ ಆ ವರ್ಷದ ಖರ್ಚಿಗೇ ಸರಿಯಾಗುತ್ತಿತ್ತು. ಆದರೆ ಬೆನ್ನುಹುರಿ ಹೋದವನು ಮುಂದಿನ ವರ್ಷವೂ ಇರುತ್ತಾನೆ, ಅವನ ಜೊತೆಗೆ ಹೊಸಬರೂ ಸೇರುತ್ತಾರೆ. ಆದ್ದರಿಂದ 1990ರ ದಶಕದ ಕೊನೆಯಿಂದ, ಅಪಘಾತವಾದ ವರ್ಷವೇ ಅದರ ಜೀವಮಾನದ ಖರ್ಚನ್ನು ಅಂದಾಜಿಸಿ, ವಸೂಲು ಮಾಡಿ, ಬಂಡವಾಳವಾಗಿ ಹೂಡುವ ಪದ್ಧತಿಗೆ ತಿರುಗಿದರು.

ಇದರಲ್ಲೂ ಕೊರತೆ ಇದೆ, ಅದೂ ಸಣ್ಣದಲ್ಲ. ಬಿದ್ದು ಕಾಲು ಹೋದವನಿಗೆ ಇಷ್ಟೆಲ್ಲ. ಪಾರ್ಶ್ವವಾಯುವಿನಿಂದ ಹೋದವನಿಗೆ, ಹುಟ್ಟಿನಿಂದಲೇ ನಡೆಯಲಾರದ ಮಗುವಿಗೆ ಈ ನಿಧಿ ಸಲ್ಲದು. ಆಸ್ಟ್ರೇಲಿಯ 2013ರಲ್ಲಿ ಮಾಡಿದ ಕಾಯಿದೆ ಕಾರಣವನ್ನು ಕೇಳುವುದಿಲ್ಲ, ಅಂಗವೈಕಲ್ಯವನ್ನಷ್ಟೇ ನೋಡುತ್ತದೆ. ಆದರೆ 65 ತುಂಬಿದ ಮೇಲೆ ಹೊಸದಾಗಿ ಸೇರುವಂತಿಲ್ಲ. ಅದಕ್ಕಾಗಿ 2014ರಲ್ಲಿ ಆದಾಯದ ಮೇಲಿನ ಆರೋಗ್ಯ ವಂತಿಗೆಯನ್ನು ಶೇಕಡ 1.5ರಿಂದ 2ಕ್ಕೆ ಏರಿಸಿದರು.

ನಮ್ಮ ತೋಟಗಳಿಗೆ ಇದನ್ನು ಹೊಂದಿಸಲು ಹೊರಟರೆ ಮೊದಲ ತೊಡಕು, ಕೊನೆಗಾರ ಒಬ್ಬ ಯಜಮಾನನ ಆಳಲ್ಲ. ಇಂದು ಒಂದು ತೋಟ, ನಾಳೆ ಇನ್ನೊಂದು. ವಂತಿಗೆ ಯಾರ ತಲೆಗೆ? ಮಾರುವ ಅಡಿಕೆಗೆ ಕ್ವಿಂಟಾಲಿಗೆ ಇಷ್ಟೆಂದು ಹಿಡಿದರೆ ಎಲ್ಲರ ಪಾಲೂ ಬಂದೀತೆಂದು ನಮಗೆ ತೋರುತ್ತದೆ. ಆದರೆ ಕೊಳೆ ಬಂದು ಫಸಲು ಹೋದ ವರ್ಷ ಆ ಹಣ ಇಳಿಯುತ್ತದೆ, ಮದ್ದು ಹೊಡೆಯಲು ಮರ ಹತ್ತುವುದು ಮಾತ್ರ ಅದೇ ವರ್ಷ ಹೆಚ್ಚು.