ಪೇಸ್‌ಮೇಕರ್ ಇದ್ದವರಿಗೆ ಡಯಾಥರ್ಮಿ ಶಾಖ ಸಲ್ಲದು

ಚಳ್ಳಕೆರೆ: ದಿನವಿಡೀ ಮಗ್ಗದ ಮುಂದೆ ಕೂರುವ ಮೊಳಕಾಲ್ಮುರು ತಾಲ್ಲೂಕಿನ ರೇಷ್ಮೆ ಸೀರೆ ನೇಕಾರರಿಗಾಗಲಿ, ಚಳ್ಳಕೆರೆಯ ಎಣ್ಣೆ ಗಿರಣಿಗಳಲ್ಲಿ ಮೂಟೆ ಹೊರುವ ಹಮಾಲರಿಗಾಗಲಿ ಸೊಂಟ, ಭುಜ, ಮೊಣಕಾಲಿನ ನೋವು ಹೊಸದಲ್ಲ. ಫಿಸಿಯೋಥೆರಪಿಯಲ್ಲಿ ನೀಡುವ ಶಾಖ ಚಿಕಿತ್ಸೆಯಿಂದ ಅನೇಕರಿಗೆ ಉಪಶಮನ ದೊರೆಯುತ್ತದೆ. ಆದರೆ ಎದೆಯಲ್ಲಿ ಪೇಸ್‌ಮೇಕರ್ ಅಳವಡಿಸಿಕೊಂಡವರಿಗೆ ಈ ಚಿಕಿತ್ಸೆಯ ಒಂದು ಬಗೆ ಪ್ರಾಣಕ್ಕೇ ಎರವಾಗಬಲ್ಲದು.

ಅಪಾಯವಿರುವುದು ಬಿಸಿನೀರಿನ ಚೀಲದಲ್ಲಲ್ಲ, ಡಯಾಥರ್ಮಿ ಯಂತ್ರದಲ್ಲಿ. ಮೈಕ್ರೋವೇವ್ ಡಯಾಥರ್ಮಿ ಸಾಮಾನ್ಯವಾಗಿ 2,450 ಮೆಗಾಹರ್ಟ್ಸ್, ಶಾರ್ಟ್‌ವೇವ್ ಡಯಾಥರ್ಮಿ 27.12 ಮೆಗಾಹರ್ಟ್ಸ್ ತರಂಗಗಳನ್ನು ದೇಹದೊಳಕ್ಕೆ ಹಾಯಿಸಿ ಸ್ನಾಯುಗಳನ್ನು ಬಿಸಿ ಮಾಡುತ್ತದೆ. ಅಡುಗೆಮನೆಯ ಮೈಕ್ರೋವೇವ್ ಒಲೆಯಲ್ಲಿರುವುದೂ 2,450 ಮೆಗಾಹರ್ಟ್ಸ್ ತರಂಗವೇ. ಆದರೆ ಅಲ್ಲಿ ಅದು ಲೋಹದ ಪೆಟ್ಟಿಗೆಯೊಳಗೆ ಬಂದಿಯಾಗಿರುತ್ತದೆ. ಸುಸ್ಥಿತಿಯಲ್ಲಿರುವ ಒಲೆಯಿಂದ ಇಂದಿನ ಪೇಸ್‌ಮೇಕರ್‌ಗಳಿಗೆ ತೊಂದರೆಯಿಲ್ಲ. ಚಿಕಿತ್ಸೆಯಲ್ಲಿ ಮಾತ್ರ ತರಂಗದ ಗುರಿ ದೇಹವೇ.

ಪೇಸ್‌ಮೇಕರ್‌ನಿಂದ ಹೃದಯಕ್ಕೆ ಹೋಗುವ ತಂತಿ ಈ ತರಂಗಗಳನ್ನು ಆಂಟೆನಾದಂತೆ ಹೀರಿಕೊಳ್ಳಬಲ್ಲದು. ಆಗ ಹೃದಯದ ಸ್ನಾಯುವಿಗೆ ತಾಗಿರುವ ತಂತಿಯ ತುದಿ ಕಾದು, ಸುತ್ತಲಿನ ಭಾಗ ಸುಡಬಹುದು. ಯಂತ್ರವು ಹೊರಗಿನ ತರಂಗವನ್ನೇ ಹೃದಯಬಡಿತವೆಂದು ತಪ್ಪು ತಿಳಿದು, ತಾನು ನೀಡಬೇಕಾದ ಮಿಡಿತವನ್ನು ನಿಲ್ಲಿಸಲೂಬಹುದು. ಹೃದಯಕ್ಕೆ ಆಘಾತ ನೀಡಿ ಬಡಿತ ಸರಿಪಡಿಸುವ ಐಸಿಡಿ ಸಾಧನವಾದರೆ ಅನಗತ್ಯವಾಗಿ ಆಘಾತ ನೀಡುವ ಸಂಭವವಿದೆ.

ಮಿದುಳಿನಲ್ಲಿ ಇಂತಹದೇ ತಂತಿ ಅಳವಡಿಸಿಕೊಂಡಿದ್ದ ರೋಗಿಗಳು ಡಯಾಥರ್ಮಿ ಪಡೆದ ಬಳಿಕ ಮೃತಪಟ್ಟ ಪ್ರಕರಣಗಳು ವರದಿಯಾದ ಹಿನ್ನೆಲೆಯಲ್ಲಿ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2002ರ ಡಿಸೆಂಬರ್‌ನಲ್ಲಿ ಎಚ್ಚರಿಕೆ ಹೊರಡಿಸಿತು. ಅದರ ಪ್ರಕಾರ ತಂತಿಯುಳ್ಳ ಯಾವುದೇ ಸಾಧನ ಇರುವವರಿಗೆ ದೇಹದ ಯಾವ ಭಾಗಕ್ಕೂ ಶಾರ್ಟ್‌ವೇವ್ ಅಥವಾ ಮೈಕ್ರೋವೇವ್ ಡಯಾಥರ್ಮಿ ನೀಡಕೂಡದು. ಸಾಧನವನ್ನು ಸ್ಥಗಿತಗೊಳಿಸಿದರೂ, ಅದನ್ನು ತೆಗೆದು ತಂತಿಯನ್ನಷ್ಟೇ ಉಳಿಸಿದ್ದರೂ ಅಪಾಯ ತಪ್ಪದು. ಆದ್ದರಿಂದ 'ಶಾಖ ಕೊಡುವುದು ಮೊಣಕಾಲಿಗೆ ತಾನೇ' ಎಂಬ ಸಮಾಧಾನಕ್ಕೆ ಇಲ್ಲಿ ಅವಕಾಶವಿಲ್ಲ.

ಪೇಸ್‌ಮೇಕರ್ ಅಳವಡಿಕೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂತಹ ದೂರದ ಆಸ್ಪತ್ರೆಯಲ್ಲಿ ನಡೆದು, ನೋವಿನ ಚಿಕಿತ್ಸೆ ಊರಿನಲ್ಲೇ ನಡೆದಾಗ ಒಂದೆಡೆಯ ಮಾಹಿತಿ ಇನ್ನೊಂದೆಡೆಗೆ ತಾನಾಗಿ ತಲುಪುವುದಿಲ್ಲ. ಆಸ್ಪತ್ರೆ ನೀಡಿದ ಪೇಸ್‌ಮೇಕರ್ ಕಾರ್ಡನ್ನು ಸದಾ ಜೊತೆಗಿರಿಸಿಕೊಂಡು, ಚಿಕಿತ್ಸೆಗೆ ಮುನ್ನವೇ ತೋರಿಸುವುದು ಕ್ಷೇಮ. ಚಿಕಿತ್ಸೆ ನೀಡುವವರೂ ಈ ಕುರಿತು ವಿಚಾರಿಸಬೇಕು. ವಿದ್ಯುತ್ ಮಿಡಿತ ನೀಡುವ ಟೆನ್ಸ್ ಯಂತ್ರದ ಬಳಕೆಗೂ ಹೃದ್ರೋಗ ತಜ್ಞರ ಒಪ್ಪಿಗೆ ಅಗತ್ಯ. ವ್ಯಾಯಾಮ, ಹದವಾದ ಬಿಸಿನೀರಿನ ಶಾಖದಂತಹ ಬೇರೆ ಮಾರ್ಗಗಳು ಇರುವುದರಿಂದ, ಡಯಾಥರ್ಮಿ ಬೇಡವೆಂದ ಮಾತ್ರಕ್ಕೆ ನೋವನ್ನು ಸಹಿಸಿಕೊಂಡೇ ಇರಬೇಕಿಲ್ಲ.