ಮೋಟಾರು ಕಾರಿನ ಹೊಳಪೂ ಛಾಯಾಚಿತ್ರದ ದೀಪ್ತಿವ್ಯಾಪ್ತಿಯೂ

ನಡುಹಗಲಿನ ಬಿಸಿಲಿನಲ್ಲಿ ನಿಂತಿರುವ ಕಪ್ಪು ಬಣ್ಣದ ಅಂಬಾಸಡರ್ ಕಾರೊಂದನ್ನು ನಾವು ನೋಡುತ್ತಿದ್ದೇವೆಂದು ಭಾವಿಸೋಣ. ಅದರ ಉಬ್ಬಿದ ಬಾನೆಟ್ಟಿನ ಮೇಲೆ ಸೂರ್ಯನ ಪ್ರತಿಬಿಂಬವು ಕಿಡಿಯಂತೆ ಹೊಳೆಯುತ್ತದೆ; ಮೇಲ್ಚಾವಣಿಯಲ್ಲಿ ಆಕಾಶದ ನೀಲಿ ಕಾಣುತ್ತದೆ; ಗಾಜಿನಾಚೆಯ ನೆರಳಿನಲ್ಲಿ ಆಸನದ ಹೊಲಿಗೆಯೂ ಕಾಣುತ್ತದೆ. ಅದೇ ಕಾರನ್ನು ಕ್ಯಾಮರಾದಲ್ಲಿ ಹಿಡಿದರೆ, ಒಂದೋ ಆಕಾಶದ ಪ್ರತಿಬಿಂಬವು ಬರಿಯ ಬಿಳಿಯ ಕಲೆಯಾಗುತ್ತದೆ, ಇಲ್ಲವೆ ಒಳಭಾಗವೂ ಚಕ್ರದ ಕಮಾನೂ ಮಸಿಯಲ್ಲಿ ಮುಳುಗಿಹೋಗುತ್ತವೆ. ಈ ತೊಡಕನ್ನು ನಿವಾರಿಸಲು ಹುಟ್ಟಿದ ಉಪಾಯವೇ ಹೈ ಡೈನಮಿಕ್ ರೇಂಜ್ ಅಥವಾ ಉನ್ನತ ದೀಪ್ತಿವ್ಯಾಪ್ತಿಯ ಛಾಯಾಗ್ರಹಣ. ಈ ಉಪಾಯದ ತತ್ತ್ವವನ್ನು ವಿವರಿಸಿ, ಕಾರಿನ ವಿಷಯದಲ್ಲಿ ಅದು ಎಲ್ಲಿ ಸಹಾಯಕವಾಗುತ್ತದೆ, ಎಲ್ಲಿ ನಮ್ಮನ್ನು ತಪ್ಪುದಾರಿಗೆ ಎಳೆಯುತ್ತದೆ ಎಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ದೃಶ್ಯವೊಂದರ ಅತ್ಯಂತ ಬೆಳಗಿದ ಭಾಗಕ್ಕೂ ಅತ್ಯಂತ ಕಪ್ಪಾದ ಭಾಗಕ್ಕೂ ಇರುವ ಅನುಪಾತವನ್ನು ದೀಪ್ತಿವ್ಯಾಪ್ತಿಯೆಂದು ಕರೆಯುತ್ತೇವೆ. ಛಾಯಾಗ್ರಾಹಕರು ಇದನ್ನು ಸ್ಟಾಪುಗಳಲ್ಲಿ ಎಣಿಸುತ್ತಾರೆ. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವುದು. ಆದುದರಿಂದ 10 ಸ್ಟಾಪುಗಳೆಂದರೆ 1024 ಮಡಿ, 14 ಸ್ಟಾಪುಗಳೆಂದರೆ 16,384 ಮಡಿ. ಇಂದಿನ ಉತ್ತಮ ಕ್ಯಾಮರಾಗಳ ಸಂವೇದಕಗಳು ಈ 14ರ ಸಮೀಪಕ್ಕೆ ಬರುತ್ತವೆ. ಆದರೆ ಅಚ್ಚಾದ ಕಾಗದದ ಮೇಲೆ ಬಿಳುಪಿಗೂ ಕಪ್ಪಿಗೂ ಇರುವ ಅನುಪಾತವು ನೂರಕ್ಕೆ ಒಂದರ ಆಸುಪಾಸಿನಲ್ಲಿರುತ್ತದೆ. ಹೀಗಾಗಿ ನಮ್ಮ ಮುಂದೆ ಒಂದಲ್ಲ, ಎರಡು ಪ್ರಶ್ನೆಗಳಿವೆ: ದೃಶ್ಯದ ಬೆಳಕನ್ನೆಲ್ಲ ಅಳೆದು ಹಿಡಿಯುವುದು ಹೇಗೆ? ಹಿಡಿದುದನ್ನು ಕಾಗದದ ಕಿರಿದಾದ ಅವಕಾಶದಲ್ಲಿ ಇಡುವುದು ಹೇಗೆ? ಮೊದಲನೆಯದು ಅಳತೆಯ ಪ್ರಶ್ನೆ. ಎರಡನೆಯದು ವಿವೇಕದ ಪ್ರಶ್ನೆ.

ಗೋಡೆ, ಮರ, ಮನುಷ್ಯನ ಮುಖ ಇವುಗಳಿಗಿಂತ ಕಾರು ಏಕೆ ಕಷ್ಟದ ವಸ್ತು? ಗೋಡೆಯು ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತದೆ. ಕಾರಿನ ಬಣ್ಣದ ನುಣುಪಾದ ಹೊರಪದರವಾದರೋ ಕನ್ನಡಿಯಂತೆಯೂ ವರ್ತಿಸುತ್ತದೆ. ಅದರ ವಕ್ರೀಭವನಾಂಕವು ಸುಮಾರು 1.5 ಆಗಿರುವುದರಿಂದ ನೇರವಾಗಿ ಬಿದ್ದ ಬೆಳಕಿನಲ್ಲಿ ಶೇಕಡ 4ರಷ್ಟು ಪ್ರತಿಫಲಿಸುತ್ತದೆ. ಲಂಬದಿಂದ 80 ಡಿಗ್ರಿ ಓರೆಯಾಗಿ ಬಿದ್ದರೆ ಈ ಪ್ರಮಾಣವು ಶೇಕಡ 39ರ ಸಮೀಪಕ್ಕೇರುತ್ತದೆ. ಬಂಪರಿನ ಕ್ರೋಮಿಯಂ ಲೇಪವು ಶೇಕಡ 60ಕ್ಕೂ ಮೇಲ್ಪಟ್ಟು ಪ್ರತಿಫಲಿಸುತ್ತದೆ. ಸೂರ್ಯಬಿಂಬದ ದೀಪ್ತಿಯು ಚದರ ಮೀಟರಿಗೆ ಸುಮಾರು 160 ಕೋಟಿ ಕ್ಯಾಂಡೆಲಾ. ಅದರಲ್ಲಿ ಶೇಕಡ 4ರಷ್ಟೇ ಬಾನೆಟ್ಟಿನಿಂದ ಹಿಂದಿರುಗಿದರೂ ಆ ಕಿಡಿಯು ಅದೇ ಬಿಸಿಲಿನಲ್ಲಿಟ್ಟ ಬಿಳಿಯ ಕಾಗದಕ್ಕಿಂತ ಎರಡು ಸಾವಿರ ಮಡಿಗೂ ಮಿಕ್ಕು ಬೆಳಗುತ್ತದೆ. ಇತ್ತ ಆಸನದ ಕೆಳಗಿನ ನೆರಳು ಆ ಕಾಗದಕ್ಕಿಂತ ನೂರಾರು ಮಡಿ ಕಪ್ಪಾಗಿರಬಹುದು. ಹೀಗೆ ಕಾರಿನ ಚಿತ್ರವೆಂದರೆ ಕನ್ನಡಿಯ ಚಿತ್ರವೂ ಹೌದು, ಗುಹೆಯ ಚಿತ್ರವೂ ಹೌದು.

ಒಂದೇ ದೃಶ್ಯಕ್ಕೆ ಎರಡು ಬೇರೆ ಬೆಳಕಿನ ಅಳತೆಗಳನ್ನು ಬಳಸುವ ಯೋಚನೆ ಹೊಸದಲ್ಲ. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬ ಛಾಯಾಗ್ರಾಹಕನು 1850ರ ದಶಕದಲ್ಲಿಯೇ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು, ಎರಡನ್ನೂ ಕೂಡಿಸಿ ಕೆಲವು ಚಿತ್ರಗಳನ್ನು ಮುದ್ರಿಸಿದನು. ಈ ಯೋಚನೆಗೆ ಗಣಿತದ ರೂಪ ಬಂದುದು 1990ರ ದಶಕದಲ್ಲಿ. 1995ರಲ್ಲಿ ಸ್ಟೀವ್ ಮಾನ್ ಮತ್ತು ರೋಸಲಿಂಡ್ ಪಿಕಾರ್ಡ್ ಅವರೂ, 1997ರಲ್ಲಿ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ಅವರೂ ಬೇರೆ ಬೇರೆ ಬೆಳಕೊಡ್ಡಿಕೆಗಳಲ್ಲಿ ತೆಗೆದ ಚಿತ್ರಗಳಿಂದ ದೃಶ್ಯದ ನಿಜವಾದ ದೀಪ್ತಿಯನ್ನು ಲೆಕ್ಕಹಾಕುವ ಮಾರ್ಗಗಳನ್ನು ಪ್ರಕಟಿಸಿದರು.

ಕ್ರಮವು ಹೀಗಿದೆ. ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ಭದ್ರವಾಗಿ ನಿಲ್ಲಿಸಬೇಕು. ಮಸೂರದ ರಂಧ್ರ, ಸಂವೇದಕದ ವೇಗ, ಫೋಕಸ್ ಇವು ಮೂರನ್ನೂ ಬದಲಿಸದೆ ಷಟರಿನ ಕಾಲವನ್ನು ಮಾತ್ರ ಬದಲಿಸಬೇಕು. ರಂಧ್ರವನ್ನು ಬದಲಿಸಿದರೆ ಸ್ಪಷ್ಟತೆಯ ಆಳವೂ ಬದಲಾಗಿ ಚಿತ್ರಗಳು ಒಂದರ ಮೇಲೊಂದು ಸರಿಯಾಗಿ ಕೂಡುವುದಿಲ್ಲ. ಎರಡೆರಡು ಸ್ಟಾಪುಗಳ ಅಂತರದಲ್ಲಿ 1/1000, 1/250, 1/60, 1/15 ಸೆಕೆಂಡುಗಳ ನಾಲ್ಕು ಚಿತ್ರಗಳು ಅನೇಕ ಸಂದರ್ಭಗಳಲ್ಲಿ ಸಾಕಾಗುತ್ತವೆ. ಬಾಗಿಲಿನ ಮೇಲಿನ ಒಂದು ಬಿಂದುವು 1/250ರ ಚಿತ್ರದಲ್ಲಿ 2,000 ಎಂಬ ಮೌಲ್ಯವನ್ನು ಕೊಟ್ಟಿತೆನ್ನೋಣ. 1/60ರಲ್ಲಿ, ಕಾಲವು ನಾಲ್ಮಡಿಯಾದುದರಿಂದ, ಅದು 8,000 ಆಗುತ್ತದೆ. ಮೌಲ್ಯವನ್ನು ಕಾಲದಿಂದ ಭಾಗಿಸಿದರೆ ಎರಡರಿಂದಲೂ ಒಂದೇ ದೀಪ್ತಿ ದೊರೆಯುತ್ತದೆ. 1/15ರಲ್ಲಿ ಅದು 32,000 ಆಗಬೇಕಾಗಿತ್ತು. ಆದರೆ 14 ಬಿಟ್ಟುಗಳ ದಾಖಲೆಯಲ್ಲಿ 16,383ಕ್ಕಿಂತ ಮೇಲೆ ಸ್ಥಳವಿಲ್ಲ. ಆದುದರಿಂದ ಆ ಸಾಕ್ಷ್ಯವನ್ನು ತಳ್ಳಿಹಾಕಬೇಕು. ಹೀಗೆ ತುಂಬಿ ತುಳುಕಿದ ಮೌಲ್ಯಗಳನ್ನೂ, ಗದ್ದಲದಲ್ಲಿ ಮುಳುಗಿದ ಅತ್ಯಲ್ಪ ಮೌಲ್ಯಗಳನ್ನೂ ಬಿಟ್ಟು, ನಡುವಣವುಗಳಿಗೆ ಹೆಚ್ಚು ತೂಕ ಕೊಟ್ಟು ಸರಾಸರಿ ತೆಗೆಯುವುದೇ ಈ ವಿಧಾನದ ಸಾರ.

ಇಲ್ಲಿ ಕಾರು ತನ್ನದೇ ಆದ ಮೂರು ತೊಡಕುಗಳನ್ನು ಒಡ್ಡುತ್ತದೆ. ಮೊದಲನೆಯದಾಗಿ, ಕಾರು ನಿಂತಿದ್ದರೂ ಅದರಲ್ಲಿ ಕಾಣುವ ಲೋಕವು ನಿಂತಿರುವುದಿಲ್ಲ. ಎರಡು ಚಿತ್ರಗಳ ನಡುವೆ ಮೋಡವೊಂದು ಸರಿದರೆ, ದಾರಿಹೋಕನೊಬ್ಬ ನಡೆದರೆ, ಬಾಗಿಲಿನ ಮೇಲಿನ ಪ್ರತಿಬಿಂಬವು ಇಬ್ಬಂದಿಯಾಗಿ ಪ್ರೇತಚ್ಛಾಯೆಯಂತೆ ಮೂಡುತ್ತದೆ. ಎರಡನೆಯದಾಗಿ, ಈಚಿನ ಕಾರುಗಳ ಎಲ್‌ಇಡಿ ದೀಪಗಳಲ್ಲಿ ಅನೇಕವು ಕಣ್ಣಿಗೆ ಕಾಣದಷ್ಟು ವೇಗವಾಗಿ ಹತ್ತಿ ಆರುತ್ತಿರುತ್ತವೆ. 1/1000 ಸೆಕೆಂಡಿನ ಚಿತ್ರದಲ್ಲಿ ದೀಪವು ಆರಿರುವಂತೆಯೂ 1/15ರಲ್ಲಿ ಉರಿಯುತ್ತಿರುವಂತೆಯೂ ಕಂಡರೆ ಮೇಲಿನ ಭಾಗಾಕಾರವೇ ಸುಳ್ಳಾಗುತ್ತದೆ. ಮೂರನೆಯದಾಗಿ, ಓಡುತ್ತಿರುವ ಕಾರಿಗೆ ಈ ವಿಧಾನವು ಸಲ್ಲುವುದೇ ಇಲ್ಲ. ಅಲ್ಲಿ ಸಂಸ್ಕರಿಸದ ಮೂಲ ದತ್ತಾಂಶವಿರುವ ಒಂದೇ ಚಿತ್ರದಿಂದ ಸಾಧ್ಯವಾದಷ್ಟನ್ನು ಪಡೆಯಬೇಕು.

ಇನ್ನು ಎರಡನೆಯ ಪ್ರಶ್ನೆ. ಹಿಡಿದ ವ್ಯಾಪ್ತಿಯನ್ನು ಕಾಗದಕ್ಕೋ ತೆರೆಗೋ ಒಗ್ಗಿಸುವ ಕ್ರಿಯೆಗೆ ಟೋನ್ ಮ್ಯಾಪಿಂಗ್ ಎಂದು ಹೆಸರು. ಇದನ್ನು ಛಾಯಾನಿಯೋಜನೆಯೆಂದು ಕರೆಯಬಹುದು. 2002ರಲ್ಲಿ ಎರಿಕ್ ರೈನ್‌ಹಾರ್ಡ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನದ ಅತಿ ಸರಳ ರೂಪದಲ್ಲಿ ದೀಪ್ತಿಯನ್ನು ಅದಕ್ಕೆ ಒಂದನ್ನು ಕೂಡಿಸಿದ ಮೊತ್ತದಿಂದ ಭಾಗಿಸುತ್ತಾರೆ. ಆಗ 1 ಎಂಬುದು 0.5 ಆಗುತ್ತದೆ, 9 ಎಂಬುದು 0.9 ಆಗುತ್ತದೆ, 99 ಎಂಬುದು 0.99 ಆಗುತ್ತದೆ. ಎಷ್ಟೇ ದೊಡ್ಡ ಸಂಖ್ಯೆಯಾದರೂ ಒಂದನ್ನು ಮೀರುವುದಿಲ್ಲ. ಆದರೆ ಇದಕ್ಕೆ ತೆತ್ತ ಬೆಲೆಯನ್ನು ಗಮನಿಸಬೇಕು: 99ಕ್ಕೂ 9ಕ್ಕೂ ಇದ್ದ ಹನ್ನೊಂದು ಮಡಿಯ ಅಂತರವು 1.1 ಮಡಿಗೆ ಇಳಿದಿದೆ. ಬಾನೆಟ್ಟಿನ ಕಿಡಿಯೂ ಅದರ ಸುತ್ತಣ ಆಕಾಶದ ಬಿಂಬವೂ ಈಗ ಹೆಚ್ಚು ಕಡಿಮೆ ಒಂದೇ ಆಗಿವೆ. ಚಿತ್ರದ ಒಂದೊಂದು ಭಾಗವನ್ನೂ ಬೇರೆ ಬೇರೆಯಾಗಿ ಸರಿಪಡಿಸುವ ವಿಧಾನಗಳೂ ಇವೆ. ಅವುಗಳನ್ನು ಅತಿಯಾಗಿ ಬಳಸಿದರೆ ಚಾವಣಿಯ ಅಂಚು ಆಕಾಶವನ್ನು ಸೇರುವೆಡೆ ಬೆಳಕಿನ ಪರಿವೇಷವೊಂದು ಏಳುತ್ತದೆ.

ನಷ್ಟವಾದುದು ಕೇವಲ ಅಂದವೇ? ಅಲ್ಲವೆಂದು ನಮ್ಮ ಅಭಿಪ್ರಾಯ. ಮೇಲ್ಮೈಯು ಹೊಳೆಯುವಂಥದೆಂದು ಕಣ್ಣು ತಿಳಿಯುವುದು ಹೇಗೆಂಬುದನ್ನು ಮನೋವಿಜ್ಞಾನಿಗಳು ಶೋಧಿಸಿದ್ದಾರೆ. ಮೊತೊಯೋಷಿ, ನಿಷಿದಾ, ಶರಣ್, ಏಡೆಲ್ಸನ್ ಎಂಬ ನಾಲ್ವರು 2007ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಬಹುಭಾಗ ಕಪ್ಪಾಗಿದ್ದು ಅಲ್ಲಲ್ಲಿ ಮಾತ್ರ ಅತಿ ಬೆಳಗಿದ ಚುಕ್ಕೆಗಳಿರುವ ದೀಪ್ತಿಯ ಹಂಚಿಕೆಯು ಹೊಳಪಿನ ಅನುಭವದೊಡನೆ ಹೊಂದಿಕೊಂಡಿರುತ್ತದೆ. ಚುಕ್ಕೆಗಳಿದ್ದರೆ ಸಾಲದು, ಅವು ಮೇಲ್ಮೈಯ ಉಬ್ಬುತಗ್ಗುಗಳಿಗೆ ತಕ್ಕ ಎಡೆಯಲ್ಲಿಯೇ ಇರಬೇಕೆಂದು ಅನಂತರದ ಸಂಶೋಧಕರು ತೋರಿಸಿದರು. ಕಪ್ಪನ್ನು ಮೇಲೆತ್ತಿ ಬಿಳಿಯನ್ನು ಕೆಳಗಿಳಿಸುವ ಛಾಯಾನಿಯೋಜನೆಯು ಈ ಹಂಚಿಕೆಯನ್ನೇ ಕೆಡಿಸುತ್ತದೆ. ಪರಿಣಾಮವಾಗಿ ಉಕ್ಕಿನ ಕಾರು ಜೇಡಿಮಣ್ಣಿನ ಗೊಂಬೆಯಂತೆ ಕಾಣುತ್ತದೆ. ಎಲ್ಲ ವಿವರವೂ ಇದೆ, ವಸ್ತುವೇ ಇಲ್ಲ.

ಇದಕ್ಕಿಂತ ಗಂಭೀರವಾದ ಇನ್ನೊಂದು ಮಾತಿದೆ. ಕಾರಿನ ತಗಡಿನ ತಗ್ಗುಗಳನ್ನು ನಾವು ಬಣ್ಣದಿಂದ ಗುರುತಿಸುವುದಿಲ್ಲ. ಪ್ರತಿಬಿಂಬದ ರೇಖೆಯು ಬಾಗುವುದರಿಂದ ಗುರುತಿಸುತ್ತೇವೆ. ಕಾರ್ಖಾನೆಗಳಲ್ಲಿ ಸಾಲುಸಾಲಾದ ಕೊಳವೆದೀಪಗಳ ಕೆಳಗೆ ಕಾರನ್ನು ನಿಲ್ಲಿಸಿ ಪರೀಕ್ಷಿಸುವುದು ಈ ಕಾರಣದಿಂದಲೇ. ತೊಳೆದು ಒರೆಸಿದಾಗ ಆಗುವ ಸಣ್ಣ ಗೀರುಗಳಂತೂ ಕಿಡಿಯ ಸುತ್ತಲೂ ಮಾತ್ರ ಕಾಣುತ್ತವೆ. ಪ್ರತಿಬಿಂಬವನ್ನು ಚಪ್ಪಟೆಗೊಳಿಸಿದ ಚಿತ್ರದಲ್ಲಿ ಇರುವ ತಗ್ಗು ಮರೆಯಾಗಬಹುದು. ಸೂಕ್ಷ್ಮ ವ್ಯತ್ಯಾಸಗಳನ್ನು ಅತಿಯಾಗಿ ಎತ್ತಿ ತೋರಿಸಿದ ಚಿತ್ರದಲ್ಲಿ ಇಲ್ಲದ ಕೊಳೆ ಮೂಡಬಹುದು. ಹಳೆಯ ಕಾರನ್ನು ಕೊಳ್ಳುವವನಿಗೂ, ಅಪಘಾತದ ವಿಮೆಯನ್ನು ಪರಿಶೀಲಿಸುವವನಿಗೂ, ವಸ್ತುಸಂಗ್ರಹಾಲಯದ ವಾಹನವನ್ನು ದಾಖಲಿಸುವವನಿಗೂ ಚಿತ್ರವು ಅಲಂಕಾರವಲ್ಲ, ಸಾಕ್ಷ್ಯ. ಅಂತಹ ಕೆಲಸದಲ್ಲಿ ಮೂಲ ಚಿತ್ರಗಳನ್ನು ಕಾಪಾಡಿಕೊಂಡು ಬಂದು, ಕೇಳಿದಾಗ ತೋರಿಸಬೇಕಾದುದು ಅವಶ್ಯ.

ಮೇಲಿನ ವಿವೇಚನೆಯಿಂದ ಕೆಲವು ಸೂಚನೆಗಳು ತಾವಾಗಿಯೇ ಹೊರಡುತ್ತವೆ. ಸೂರ್ಯನ ಕಿಡಿಯನ್ನು ಉಳಿಸಿಕೊಳ್ಳಲು ಹೆಣಗಬಾರದು. ಅದು ಬಿಳಿಯಾಗಿ ಸುಟ್ಟುಹೋಗಲಿ. ರೈನ್‌ಹಾರ್ಡ್ ಅವರ ಸೂತ್ರದ ವಿಸ್ತೃತ ರೂಪದಲ್ಲಿಯೂ ಯಾವ ದೀಪ್ತಿಯಿಂದಾಚೆಗೆ ಶುದ್ಧ ಬಿಳುಪಾಗಬೇಕೆಂಬುದನ್ನು ನಾವೇ ಆರಿಸುವ ಅವಕಾಶವಿದೆ. ಚಕ್ರದ ಕಮಾನಿನೊಳಗೆ ಒಂದಿಷ್ಟು ಕತ್ತಲೆ ಉಳಿಯಲಿ. ಅದಿಲ್ಲದೆ ಕಾರು ನೆಲದ ಮೇಲೆ ನಿಂತಂತೆ ತೋರುವುದಿಲ್ಲ. ಸಾಧ್ಯವಿದ್ದಲ್ಲಿ ಸೂರ್ಯನು ಮುಳುಗಿದ ಮೇಲಿನ ಹೊತ್ತನ್ನು ಆರಿಸಿಕೊಳ್ಳಬೇಕು. ಆಗ ಇಡೀ ಆಕಾಶವೇ ಮೃದುವಾದ ದೀಪವಾಗುವುದರಿಂದ ದೀಪ್ತಿವ್ಯಾಪ್ತಿಯು ತಾನಾಗಿ ಕಿರಿದಾಗುತ್ತದೆ, ಎಷ್ಟೋ ವೇಳೆ ಒಂದೇ ಚಿತ್ರವು ಸಾಕಾಗುತ್ತದೆ.

ಬೆಳಕನ್ನೆಲ್ಲ ಹಿಡಿಯುವ ಶಕ್ತಿಯು ಇಂದು ವಿದ್ಯಾರ್ಥಿಯ ಕೈಯಲ್ಲಿರುವ ದೂರವಾಣಿಗೂ ಒಂದು ಮಟ್ಟಿಗೆ ಬಂದಿದೆ. ಅಲ್ಲಿ ಛಾಯಾನಿಯೋಜನೆಯು ಕೇಳದೆಯೇ ನಡೆದುಹೋಗುತ್ತದೆ. ಆದುದರಿಂದಲೇ ಏನನ್ನು ಕಾಣಿಸಬೇಕು, ಏನನ್ನು ನೆರಳಿಗೆ ಬಿಡಬೇಕು ಎಂಬ ನಿರ್ಣಯವು ಯಂತ್ರದ್ದಲ್ಲ, ನೋಡುವವನದು ಎಂಬುದನ್ನು ಅಧ್ಯಾಪಕರು ತರಗತಿಯಲ್ಲಿ ಒಂದು ಕಾರನ್ನೇ ಮುಂದಿಟ್ಟುಕೊಂಡು ತೋರಿಸಿಕೊಟ್ಟರೆ, ದೃಗ್ವಿಜ್ಞಾನದ ಪಾಠವೂ ಪ್ರಾಮಾಣಿಕತೆಯ ಪಾಠವೂ ಒಟ್ಟಿಗೆ ನಡೆದಂತಾಗುತ್ತದೆ.