ಹರಿದು ಹಂಚಿಹೋಗುವ ಗಮನ

ಸಂಜೆಯ ವೇಳೆ. ಹತ್ತನೆಯ ತರಗತಿಯ ಬಾಲಕನೊಬ್ಬ ಗಣಿತದ ಪುಸ್ತಕ ತೆರೆದು ಕುಳಿತಿದ್ದಾನೆ. ಮಗ್ಗುಲಲ್ಲಿ ಮೊಬೈಲು, ಕಿವಿಯಲ್ಲಿ ಹಾಡು, ಎದುರಿಗೆ ಟಿ.ವಿ.ಯಲ್ಲಿ ಕ್ರಿಕೆಟ್ಟು. ಎರಡು ತಾಸು ಕಳೆದ ಮೇಲೆ ತಂದೆ ಪ್ರಶ್ನೆ ಕೇಳಿದರೆ, "ಓದಿದ್ದೇನಪ್ಪಾ, ನೆನಪಿಗೆ ಬರುತ್ತಿಲ್ಲ" ಎನ್ನುತ್ತಾನೆ. ತಂದೆ ಸುಳ್ಳೆಂದು ಗದರುತ್ತಾರೆ; ಮಗನ ಬುದ್ಧಿ ಮಂದವಾಯಿತೆಂದು ತಾಯಿ ಕೊರಗುತ್ತಾರೆ. ಗೃಹಸ್ಥರನೇಕರು ನಮ್ಮಲ್ಲಿ ಹೇಳಿಕೊಳ್ಳುವ ನೋವಿದು. ಹುಡುಗ ಹೇಳಿದ್ದು ಸುಳ್ಳಾಗಿರಬೇಕಿಲ್ಲ, ಅವನ ಬುದ್ಧಿ ಮಂದವೂ ಆಗಿರಬೇಕಿಲ್ಲ ಎಂಬುದನ್ನು ನಾವು ಮೊದಲಿಗೇ ಹೇಳಬಯಸುತ್ತೇವೆ.

27ನ್ನು 6ರಿಂದ ಮನಸ್ಸಿನಲ್ಲಿಯೇ ಗುಣಿಸಿ ನೋಡಿರಿ. ಇಪ್ಪತ್ತಾರಲೆ 120, ಅದನ್ನು ಹಿಡಿದಿಟ್ಟುಕೊಂಡು ಏಳಾರಲೆ 42, ಎರಡನ್ನೂ ಕೂಡಿದರೆ 162. ಆ 120ನ್ನು ಕ್ಷಣಕಾಲ ಹಿಡಿದಿಟ್ಟ ಶಕ್ತಿಗೆ ಮನಶ್ಶಾಸ್ತ್ರಜ್ಞರು ಕಾರ್ಯಸ್ಮೃತಿ ಎನ್ನುತ್ತಾರೆ. ಬ್ರಿಟನ್ನಿನ ಬ್ಯಾಡ್‌ಲಿ ಮತ್ತು ಹಿಚ್ ಎಂಬ ವಿದ್ವಾಂಸರು 1974ರಲ್ಲಿ ಇದರ ರಚನೆಯನ್ನು ವಿವರಿಸಿದರು. ಇದರ ಪಾತ್ರೆ ಬಲು ಕಿರಿದು. ಏಳರ ಆಸುಪಾಸು ಸಂಗತಿಗಳು ಹಿಡಿಯುತ್ತವೆಂದು 1956ರಲ್ಲಿ ಜಾರ್ಜ್ ಮಿಲ್ಲರ್ ಬರೆದಿದ್ದರು. ನಾಲ್ಕರಷ್ಟೇ ಎಂದು 2001ರಲ್ಲಿ ನೆಲ್ಸನ್ ಕೋವನ್ ವಾದಿಸಿದರು. 120 ಮನಸ್ಸಿನಲ್ಲಿರುವಾಗಲೇ ಮೊಬೈಲು ಸದ್ದು ಮಾಡಿ, ಕಣ್ಣು ಅತ್ತ ಹೊರಳಿದರೆ ಆ ಸಂಖ್ಯೆ ಜಾರಿಹೋಗುತ್ತದೆ. ಲೆಕ್ಕ ಮತ್ತೆ ಮೊದಲಿನಿಂದ. ನಾವು ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತಿದ್ದೇವೆಂದು ಭಾವಿಸುವಾಗ ಬಹುಮಟ್ಟಿಗೆ ನಡೆಯುವುದು ಒಂದರಿಂದ ಇನ್ನೊಂದಕ್ಕೆ ಹಾರಾಟ. ಹಾರಿದಾಗಲೆಲ್ಲ ಒಂದಿಷ್ಟು ಸಮಯ, ಒಂದಿಷ್ಟು ನೆನಪು ಸೋರುತ್ತದೆ.

ಅಮೆರಿಕದ ಕೈಸರ್ ಪ್ರತಿಷ್ಠಾನವು 2010ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಅಲ್ಲಿಯ 8ರಿಂದ 18 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 7 ಗಂಟೆ 38 ನಿಮಿಷ ಮಾಧ್ಯಮಗಳೊಡನೆ ಕಳೆಯುತ್ತಿದ್ದರು; ಏಕಕಾಲಕ್ಕೆ ಹಲವನ್ನು ಬಳಸಿ ಅಷ್ಟರಲ್ಲಿಯೇ 10 ಗಂಟೆ 45 ನಿಮಿಷಗಳ ಸಾಮಗ್ರಿಯನ್ನು ತುಂಬಿಕೊಳ್ಳುತ್ತಿದ್ದರು. ಇಂತಹ ರೂಢಿಯುಳ್ಳವರು ಗಮನ ಹೊರಳಿಸುವುದರಲ್ಲಿ ಚತುರರಾಗಿರಬೇಕಲ್ಲವೆ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಓಫಿರ್, ನ್ಯಾಸ್ ಮತ್ತು ವ್ಯಾಗ್ನರ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದಕ್ಕೆ ವಿರುದ್ಧ. ಆ ರೂಢಿ ಹೆಚ್ಚಾಗಿದ್ದವರೇ ಬೇಡದ್ದನ್ನು ಬದಿಗಿರಿಸುವಲ್ಲಿ ಹಿಂದೆಬಿದ್ದರು, ಕೆಲಸದಿಂದ ಕೆಲಸಕ್ಕೆ ಹೊರಳುವಲ್ಲಿಯೂ ನಿಧಾನವಾದರು. 2016ರಲ್ಲಿ ಪ್ರಕಟವಾದ, ಹದಿಹರೆಯದವರನ್ನೇ ಕುರಿತ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ, ಈ ರೂಢಿ ಹೆಚ್ಚಿದ್ದವರ ಕಾರ್ಯಸ್ಮೃತಿಯೂ ಗಣಿತ-ಇಂಗ್ಲಿಷ್ ಅಂಕಗಳೂ ಕಡಿಮೆಯಿದ್ದುವು.

ಆದರೆ ಇಲ್ಲಿ ಅವಸರದ ತೀರ್ಪು ಸಲ್ಲದು. 2017ರಲ್ಲಿ ಈ ಪ್ರಯೋಗಗಳನ್ನು ಮತ್ತೆ ನಡೆಸಿ, ಹಳೆಯ ಫಲಿತಾಂಶಗಳನ್ನೂ ಒಟ್ಟುಗೂಡಿಸಿ ನೋಡಿದ ವಿದ್ವಾಂಸರಿಗೆ ಕಂಡ ವ್ಯತ್ಯಾಸ ಅಲ್ಪವೇ. ಮೇಲಾಗಿ, ಮೊಬೈಲಿನಿಂದ ಚಿತ್ತ ಚಂಚಲವಾಯಿತೋ, ಚಂಚಲಚಿತ್ತರೇ ಮೊಬೈಲಿನತ್ತ ಹೆಚ್ಚು ವಾಲಿದರೋ ಎಂಬುದು ಇಂತಹ ಅಧ್ಯಯನಗಳಿಂದ ನಿರ್ಧಾರವಾಗದು. ಮಗನ ಮಿದುಳು ಕೆಟ್ಟಿತೆಂದು ಹೆದರುವುದೂ ಹೆದರಿಸುವುದೂ ಬೇಡ. ಓದುವ ಹೊತ್ತಿನಲ್ಲಿ ಗಮನ ಒಡೆದರೆ ಆ ಹೊತ್ತಿನ ಓದು ನಿಲ್ಲದು; ಅಷ್ಟು ಖಂಡಿತ.

ಹಾಗಿದ್ದರೆ ನಮ್ಮ ಅವಧಾನಿಗಳು ಹೇಗೆ ಮಾಡುತ್ತಾರೆ ಎಂದು ಯಾರಾದರೂ ಕೇಳಬಹುದು. ಶತಾವಧಾನಿ ಆರ್. ಗಣೇಶರ ಅವಧಾನವನ್ನು ಕಂಡವರಿಗೆ ಈ ಪ್ರಶ್ನೆ ಸಹಜ. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು. ಅಪ್ರಸ್ತುತ ಪ್ರಸಂಗಿಯಂತೂ ಗಮನ ಕೆಡಿಸಲೆಂದೇ ಕುಳಿತವನು. ಸೂಕ್ಷ್ಮವಾಗಿ ನೋಡಿದರೆ, ಅಲ್ಲಿ ಸುತ್ತು ಸುತ್ತಾಗಿ, ಒಬ್ಬ ಪೃಚ್ಛಕನಿಗೆ ಪದ್ಯದ ಒಂದು ಪಾದ ಮುಗಿಸಿದ ಮೇಲೆಯೇ ಮುಂದಿನವನತ್ತ ನಡೆ. ಛಂದಸ್ಸು ವರ್ಷಗಳ ಅಭ್ಯಾಸದಿಂದ ರಕ್ತಗತವಾಗಿರುವುದರಿಂದ ಕಿರಿದಾದ ಪಾತ್ರೆಯ ಮೇಲೆ ಅದರ ಭಾರವಿಲ್ಲ. ಅಂತಹ ಸಾಧಕನಿಗೂ ಅಪ್ರಸ್ತುತ ಪ್ರಸಂಗಿ ಒಬ್ಬನೇ. ನಮ್ಮ ಬಾಲಕನ ಸುತ್ತ ಅಂಥವರು ಮೂವರು ಕುಳಿತಿದ್ದಾರೆ!

ತಾಯಿತಂದೆಯರು ಮಾಡಬಹುದಾದದ್ದು ಸರಳವಾಗಿದೆ. ಓದುವ ನಲವತ್ತು ನಿಮಿಷ ಮೊಬೈಲು ಬೇರೆ ಕೋಣೆಯಲ್ಲಿರಲಿ. ಮಾತಿರುವ ಹಾಡು ಓದಿನ ಮಾತಿಗೆ ಅಡ್ಡಬರುವುದರಿಂದ ಅದೂ ಆಮೇಲೆ. ಓದಾದ ಬಳಿಕ ಪುಸ್ತಕ ಮುಚ್ಚಿ, ಓದಿದ್ದನ್ನು ಬಾಯಿಬಿಟ್ಟು ಹೇಳಲಿ; ಹೀಗೆ ನೆನಪಿನಿಂದ ಹೊರತೆಗೆಯುವುದು ಮತ್ತೆ ಮತ್ತೆ ಓದುವುದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆಂದು 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ತೋರಿಸಿದ್ದಾರೆ. ಕೇಳುವ ಕಿವಿ ಮಾತ್ರ ಮನೆಯವರದಾಗಿರಬೇಕು.

ಮಗನ ಕೋಣೆಯಿಂದ ಮೊಬೈಲು ತಂದಿರಿಸುವಾಗ ತಂದೆ ತಮ್ಮದನ್ನೂ ಅದರ ಪಕ್ಕದಲ್ಲಿಯೇ ಇರಿಸಲಿ. ಗದರಿಕೆಯಿಂದಾಗದ ಕೆಲಸ ಅದರಿಂದ ಆದೀತು ಎಂಬುದು ನಮ್ಮ ನಂಬಿಕೆ.